ಏಣಿಯ ಕೆಳಗಿನ ಮೆಟ್ಟಿಲು

"ಕನ್ನಡ್ದಲ್ಲಿ ಒಂದ್ಸಲ ಓದ್ಬುಡಿ ಸಾ," ಎಂದು ಮಂಗಳಮ್ಮ ಚೀಲದಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಬಾಗಿಲ ಬಳಿ ನಿಂತ ಮಗಳತ್ತ ಕೈ ತೋರಿಸಿ, "ಇವ್ಳ್ನ ಕೇಳುದ್ರೆ ಚೆನ್ನಾಗದೆ ಅಂತಾಳೆ, ಅಷ್ಟೇಯ," ಎಂದಳು.

ಹುಲ್ಲಹಳ್ಳಿ ಹತ್ತಿರದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಹೇಳಿಕೊಡುವ ಅಮೃತೇಶ್ ಮೇಷ್ಟರಿಗೆ ನೋಡುತ್ತಲೇ ಗುರುತು ಸಿಕ್ಕಿತು. ಹೋದ ವಾರ ಅವಳ ಮಗಳು ನಂದಿತಾಳಿಗೆ ತಾವೇ ಬರೆದುಕೊಟ್ಟ ನಡತೆಯ ಸರ್ಟಿಫಿಕೇಟು. ನಾಲ್ಕು ಮೂಲೆಗೂ ಅರಿಸಿನ ಕುಂಕುಮ ಹಚ್ಚಿತ್ತು. ನಂಜನಗೂಡಿಗೆ ಹೋಗಿ ದೇವರ ಮುಂದಿಟ್ಟು ತಂದಿದ್ದಳಂತೆ. ನಾಳೆ ತಿ. ನರಸೀಪುರದ ಕಾಲೇಜಿಗೆ ಕೊಡಬೇಕು. ಹಾಸ್ಟೆಲ್ ಸೀಟು ಸಿಗುವುದು ಬಿಡುವುದು ಮೇಷ್ಟರ ಮಾತಿನ ಮೇಲಿದೆ ಎಂದು ಅವಳು ನಂಬಿದ್ದಳು.

ಇಂಗ್ಲಿಷಿನಲ್ಲಿ ಹೆಚ್ಚು ಕಡಿಮೆ ಹೇಳುವ ಮಾತುಗಳನ್ನು ಮೇಷ್ಟರು ಏಣಿ ಬರೆದು ಕಲಿಸುತ್ತಿದ್ದರು. ಕೆಳಗಿನ ಮೆಟ್ಟಿಲಲ್ಲಿ 'ಪರವಾಗಿಲ್ಲ' ಅನ್ನುವಷ್ಟರ ಫೇರ್ಲಿ, ಅದರ ಮೇಲೆ ಕ್ವೈಟ್, ಆಮೇಲೆ ವೆರಿ, ತುದಿಯಲ್ಲಿ ಎಕ್ಸ್‌ಟ್ರೀಮ್ಲಿ. ಮಕ್ಕಳು ಅದನ್ನು ಪದ್ಯದ ಹಾಗೆ ರಾಗವಾಗಿ ಒಪ್ಪಿಸುತ್ತಿದ್ದರು. ತಾಲೂಕಿನಿಂದ ಅಧಿಕಾರಿ ಬಂದ ದಿನ ನಂದಿತಾ ಎದ್ದು ನಿಂತು, 'ಟೂ' ಯಾವ ಮೆಟ್ಟಿಲು ಸಾ, ಅದೂ ವೆರಿಯೂ ಒಂದೇನಾ ಎಂದು ಕೇಳಿಬಿಟ್ಟಳು. ಮೇಷ್ಟರು ಪುಸ್ತಕದ ಹಾಳೆ ತಿರುವತೊಡಗಿದರು. ವೆರಿ ಅಂದರೆ ಬಹಳ, ಟೂ ಅಂದರೆ ಬೇಕಾದ್ದನ್ನೂ ಮೀರಿದ್ದು ಎಂದು ಅಧಿಕಾರಿಯೇ ಹೇಳಿಕೊಟ್ಟರು. ಹಿಂದಿನ ಬೆಂಚು ಮುಸಿಮುಸಿ ನಕ್ಕಿತು.

ಸರ್ಟಿಫಿಕೇಟು ಬರೆಯುವಾಗಲೂ ಆ ನಗು ಕಿವಿಯಲ್ಲೇ ಇತ್ತು. ಮಿಕ್ಕವರಿಗೆಲ್ಲ 'ವೆರಿ ಗುಡ್' ಬರೆದ ಪೆನ್ನು, ತರಗತಿಗೇ ಮೊದಲಿಗಳಾದವಳಿಗೆ 'ಫೇರ್ಲಿ ಗುಡ್' ಎಂದು ಬರೆದು ಸಹಿ ಹಾಕಿತ್ತು.

ಮಂಗಳಮ್ಮ ಪುರಾಣ ಕೇಳುವವಳ ಹಾಗೆ ಕೈಮುಗಿದು ಕೂತಿದ್ದಳು.

"ನಡತೆ ಒಳ್ಳೇದು..." ಮೇಷ್ಟರು ಕುಂಕುಮ ಹಚ್ಚಿದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು. "ಬಹಳ ಒಳ್ಳೇದು ಅಂತ ಬರೆದಿದ್ದೀನಿ ಕಣಮ್ಮ."

ಬಾಗಿಲ ಬಳಿ ನಿಂತಿದ್ದ ನಂದಿತಾ ತಲೆಯೆತ್ತಿ ಅವರನ್ನೊಮ್ಮೆ ನೋಡಿದಳು.

"ನಮ್ಮಪ್ಪ ನಂಜುಂಡ ಕಣ್ ಬುಟ್ಟ," ಎಂದು ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮೇಷ್ಟರು ಹಾಳೆಯನ್ನು ಎಳೆದುಕೊಂಡು, ಇಂಕು ಸ್ವಲ್ಪ ಹರಡಿದೆ, ಬೇರೆ ಬರೆದುಕೊಡುತ್ತೇನೆ ಎಂದು ಗೊಣಗಿದರು. ನಂದಿತಾ ಹತ್ತಿರ ಬಂದು ಅದರ ಮೇಲೆ ಕೈಯಿಟ್ಟಳು.

"ಬ್ಯಾಡಿ ಸಾ. ಅವ್ವ ಪೂಜೆ ಮಾಡ್ಸವ್ಳೆ. ಇದೇ ಇರ್ಲಿ."

ತಾಯಿ ಮಗಳು ಬಸ್ಸಿಗೆ ಹೊರಟರು. ಬೆಲ್ ಆಯಿತು. ಒಂಬತ್ತನೇ ತರಗತಿಯಲ್ಲಿ ಮೇಷ್ಟರು ಬೋರ್ಡಿನ ಮೇಲೆ ಏಣಿಯ ಎರಡು ಉದ್ದ ಗೆರೆ ಎಳೆದರು. ಹೆಬ್ಬೆರಳಿನ ಕುಂಕುಮ ಸೀಮೆಸುಣ್ಣಕ್ಕೆ ಹತ್ತಿತ್ತು. ಮಕ್ಕಳು ರಾಗ ತೆಗೆಯಲು ಕಾಯುತ್ತಿದ್ದರು. ಕೆಳಗಿನ ಮೆಟ್ಟಿಲು ಇನ್ನೂ ಬರೆದಿರಲಿಲ್ಲ.