ಹರಿಪುರದ ದಡದಲ್ಲಿ ಇಪ್ಪತ್ತೈದು ಹೆಜ್ಜೆ

ನೊಣ ತಾಟಿನ ಅಂಚಿಗೆ ಬಂದು ಕೂತಿತು, ಎದ್ದಿತು, ಮತ್ತೆ ಕೂತಿತು, ಶಾಂತಿನಾಥನ ಎಡಗಣ್ಣು ತನಗೆ ತಾನೇ ಮುಚ್ಚಿತು – ಥೂ, ಉಣ್ಣುವಾಗಲೂ ಅದೇ ಚಟ, ಪಿಸ್ತೂಲಿನ ತುದಿಯ ಗುರಿಮೊನೆಗೆ ಮಖ್ಖಿ, ಅಂದರೆ ನೊಣ, ಅಂತ ಹೆಸರಿಟ್ಟವನು ಯಾವನೋ ಹಸಿದ ಸಿಪಾಯಿಯೇ ಇರಬೇಕು, ಮಖ್ಖಿ ನಿಚ್ಚಳ ಕಾಣಲಿ, ಗುರಿ ಮಸುಕಾದರೂ ಅಡ್ಡಿಯಿಲ್ಲ, ಎಂದು ಸಾಂಗಲಿ ಸಂಸ್ಥಾನದ ಪೊಲೀಸರಿಗೆ ಏಳು ವರ್ಷ ಪಾಠ ಹೇಳಿದ ಹವಾಲ್ದಾರನಿಗೆ ಈಗ ಮುಂದಿನ ರೊಟ್ಟಿಯೇ ಮಸುಕು. ಉಣ್ಣೋ ಅಪ್ಪಾ, ಹೊತ್ತು ಮುಳಗಾಕ ಬಂತು, ಅನ್ನುತ್ತಾಳೆ ಅವ್ವ ಇಂದುಬಾಯಿ ಒಲೆಯ ಕಡೆಯಿಂದ, ಸೂರ್ಯ ಇಳಿದ ಮೇಲೆ ಈ ಜೈನರ ಮನೆಯಲ್ಲಿ ತುತ್ತಿಲ್ಲ, ದೀಪಕ್ಕೆ ಬಂದ ಹುಳ ಅನ್ನಕ್ಕೆ ಬಿದ್ದೀತು, ಹಿಂಸೆಯಾದೀತು – ಹುಳದ ಮೇಲೆ ಇಷ್ಟು ಕರುಣೆ, ಬೆಳಿಗ್ಗೆ ಹರಿಪುರದ ಸಂಗಮದಲ್ಲಿ ನೀರಿನ ಮೇಲೆ ಆ ಕರಿ ತಲೆ – ಬೇಡ, ರೊಟ್ಟಿ ಮುರಿ, ನಿನ್ನ ನಿಯಮ ನಿನಗಿದೆಯಲ್ಲ, ನೌಕರಿ ಸೇರುವ ಮುಂಚೆ ಸಮಡೋಳಿಗೆ ಬಂದಿದ್ದ ಮುನಿಗಳೆದುರು ಕೈಮುಗಿದು ತಗೊಂಡದ್ದು, ಜೀವ ಇದ್ದದ್ದರ ಮೇಲೆ ಗುಂಡು ಹಾರಿಸುವುದಿಲ್ಲ, ರಟ್ಟು, ಮಡಕೆ, ತೆಂಗಿನ ಚಿಪ್ಪು, ಅಷ್ಟೇ. ಅವ್ವನ ಪಕ್ಕ ಸಾಮಾಯಿಕದ ಧ್ಯಾನಕ್ಕೆ ಕೂತು ಕಲಿತ ಉಸಿರೇ ಗುರಿಗೂ ಒದಗಿತು, ಅರ್ಧ ಬಿಡು, ನಿಲ್ಲಿಸು, ಬೆರಳನ್ನು ಎಷ್ಟು ಮೆತ್ತಗೆ ಒತ್ತಬೇಕೆಂದರೆ ಗುಂಡು ಹಾರಿದ್ದು ಹಾರಿಸಿದವನಿಗೇ ಆಶ್ಚರ್ಯವಾಗಬೇಕು. ದಾದಾಸಾಹೇಬನಿಗೆ ಮಾತ್ರ ಆ ಆಶ್ಚರ್ಯ ಮೊದಲೇ ಆಗುತ್ತಿತ್ತು – ಗುರಿ ಕಲಿಯಲು ಬಂದ ಹೊಸ ಸಿಪಾಯಿ, ಫೌಜದಾರನ ಭಾವಮೈದುನ, ಮೀಸೆ ಮೊಳದುದ್ದ, ಪಿಸ್ತೂಲು ಸಿಡಿಯುವ ಮುಂಚೆಯೇ ಮೂತಿ ಕೆಳಗೆ, ಅದರದೂ, ಅವನದೂ. ಹವಾಲ್ದಾರ್ರ, ನಾ ಪಿಸ್ತೂಲಿನ ಕುದುರಿ ಎಳದೆ ಅಂದ್ರ ಗುಂಡು ಮಿರಜಿಗೆ ಹೊಕ್ಕೈತಿ ನೋಡ್ರಿ. ಎಳೀಬ್ಯಾಡ್ರಿ, ಸವರ್ರಿ, ಕುದುರಿಗೆ ಚಾಟಿ ಯಾಕ. ಅವನಿಗೆ ಕಾಣದಂತೆ ಆರು ಗೂಡುಗಳಲ್ಲಿ ಮದ್ದಿನ ತೋಟಾ ನಾಲ್ಕು, ಖಾಲಿ ತೋಟಾ ಎರಡು ಬೆರೆಸಿ ಕೊಡುತ್ತಿದ್ದ ಶಾಂತಿನಾಥ, ಖಾಲಿ ಬಂದಾಗ ಬರೀ ಟಕ್, ಆದರೂ ಮೂತಿ ಬಗ್ಗುತ್ತದೆ, ಕೈಯೊಳಗಿನ ಅಂಜಿಕೆ ಬಯಲಿಗೆ ಬೀಳುತ್ತದೆ. ಗುಂಡಽ ಇಲ್ಲ, ನೀವು ಯಾರಿಗಿ ನಮಸ್ಕಾರ ಹೊಡದ್ರಿ ದಾದಾಸಾಹೇಬರ. ಎಲ್ಲರೂ ನಕ್ಕರು, ಅವನೂ ನಕ್ಕ, ಮೂರು ತಿಂಗಳು ದಿನವೂ ನಮಸ್ಕಾರ, ಕಡೆಗೊಂದು ದಿನ ಟಕ್ ಅಂದಿತು, ಮೂತಿ ಅಲುಗಲಿಲ್ಲ, ಶಾಂತಿನಾಥನೇ ಪೇಢೆ ತರಿಸಿ ಬಾಯಿಗಿಟ್ಟ. ಪೇಢೆ. ಇವತ್ತು ಬೆಳಿಗ್ಗೆ ಆ ಕುರುಬರ ಅಮಸಿದ್ದ, ಸಾಂಗಲಿ ಪೇಟೆಯ ಗಾಡಿಯಿಂದ ಒಂದು ಬೆಲ್ಲದ ಪೆಂಟಿ ಎತ್ತಿದವನು, ಹಿಡಿದು ಕಟ್ಟಿ ದಡದ ಮೇಲೆ ಕರೆತರುವಾಗ ಸೊಂಟದ ಹಗ್ಗ ಕಿತ್ತುಕೊಂಡು ಕೃಷ್ಣೆಗೆ ಹಾರಿದ, ಇಪ್ಪತ್ತೈದು ಹೆಜ್ಜೆ, ಮಣ್ಣುಬಣ್ಣದ ನೀರು, ನಡುವೆ ಕರಿ ತಲೆ, ರಟ್ಟಿನ ನಡುವಿನ ಕರಿ ಬೊಟ್ಟಿನಷ್ಟೇ. ಶಾಂತಿನಾಥ, ಮಾರ ತ್ಯಾಲಾ, ಹೊಡಿ, ನೋಡಕೋತ ನಿಂತಿ ಏನ, ಎಂದ ಫೌಜದಾರ ಮೂಗಿನಲ್ಲಿ. ನನಗ ನಿಯಮ ಐತ್ರಿ ಸಾಹೇಬ. ಹಾಂ, ಹಾಂ, ಮುನಿ ಮಹಾರಾಜರ, ನೀವು ನವಿಲಗರಿ ಹಿಡಕೊಂಡು ಬಾಜೂಕ ಸರೀರಿ – ದಾದಾ, ನೀ ಹೊಡಿ. ಬಾಜೂಕ್ಕೆ ಸರಿದ, ಕೈ ಹಿಂದೆ ಕಟ್ಟಿದ, ಬಗ್ಗು, ಒಂದು ಸಲ ಬಗ್ಗು, ಮೊದಲಿನಂತೆ ನಮಸ್ಕಾರ ಹೊಡಿ ಎಂದು ಆ ಮೂತಿಯನ್ನೇ ಬೇಡಿಕೊಂಡ, ಆದರೆ ಕಣ್ಣು ಕಲಿಸಿದವನ ಕಣ್ಣು, ನೋಡುತ್ತಿದೆ, ದಾದಾ ಅರ್ಧ ಉಸಿರು ಬಿಟ್ಟ, ನಿಲ್ಲಿಸಿದ, ಎಳೆಯುತ್ತಿಲ್ಲ, ಸವರುತ್ತಿದ್ದಾನೆ, ಮೂತಿ ಕೂದಲೆಳೆಯಷ್ಟೂ ಬಗ್ಗಲಿಲ್ಲ, ಗುಂಡು ಸಿಡಿದ ಹೊತ್ತಿಗೇ ಎದೆಯೊಳಗೆ ಯಾವನೋ ಶಾಬಾಸ್ ಅಂದ. ಯಾವನೋ ಏನು ಬಂತು, ತಾನೇ. ಅವನು ಮನೆಗೆ ಬಂದಾಗಿನಿಂದ ಅವ್ವ ಒಂದೇ ಮಾತು ಹೇಳುತ್ತಿದ್ದಾಳೆ, ನಿನ್ನ ಕೈ ಸ್ವಚ್ಛ ಅದಾವು, ನೀ ನಿಯಮ ಮುರೀಲಿಲ್ಲ, ಉಣ್ಣು – ಮಾಡೂದು, ಮಾಡಸೂದು, ಮಾಡಿದ್ದಕ್ಕ ಭಲೆ ಅನ್ನೂದು, ಮೂರೂ ಒಂದಽ ಪಾಪ ಎಂದು ಸಣ್ಣವನಿದ್ದಾಗ ಬೆರಳು ಮಡಿಸಿ ಕಲಿಸಿದವಳೂ ಅವಳೇ, ಅವನು ಒಂದು ಬೆರಳು ಉಳಿಸಿಕೊಂಡು ಎರಡನ್ನು ಮಡಿಸಿ ಬಂದಿದ್ದಾನೆ, ಶಾಬಾಸ್ ಅಂದದ್ದು ಅವಳಿಗೆ ಕೇಳಿಸಿಲ್ಲ, ಕೇಳಿಸುವುದೂ ಇಲ್ಲ. ಹೊತ್ತು ಮುಳುಗಿತು, ಅವ್ವ ತಾಟು ಎತ್ತಿದಳು, ರಟ್ಟಾಗಿದ್ದರೆ ತೂತಾದರೂ ಉಳಿಯುತ್ತಿತ್ತು, ನೀರು ಕೂಡಿಕೊಂಡಿತು, ಕೆಂಪಾಯಿತು, ಮತ್ತೆ ಮಣ್ಣುಬಣ್ಣವಾಯಿತು, ಕರಿ ತಲೆ, ಅದಕ್ಕೂ ಒಂದು ಗಳಿಗೆ ಮುಂಚೆ, ಕರಿ ತಲೆ, ದಡದಲ್ಲಿ ಯಾರ್‍ಯಾರು ನಿಂತಿದ್ದಾರೆಂದು ನೋಡಲು ಮೆಲ್ಲಗೆ ಇತ್ತ ತಿರುಗುತ್ತಿರುವ ಕರಿ ತಲೆ –