ಬಸಿಗಾಲುವೆ

"ಇನ್ನೊಂದು ಬಕೆಟ್ ಕೊಡಿ, ಇದೊಂದೇ ಸಾಲಲ್ಲ," ಎಂದ ಗುಂಡಿ ತೋಡುವವನು. ಮೊಣಕಾಲಿನ ಮಟ್ಟದ ನೀರಿನಲ್ಲಿ ನಿಂತಿದ್ದ. ಎತ್ತಿ ಚೆಲ್ಲಿದಷ್ಟೂ ತಳದಿಂದ ಮತ್ತೆ ಜಿನುಗುತ್ತಿತ್ತು.

ಮಗಳು ಗುಂಡಿಯ ಅಂಚಿನಲ್ಲಿ ನಿಂತು ನೋಡುತ್ತಿದ್ದಳು. ಅಪ್ಪನ ದೇಹ ಬದುವಿನಾಚೆ ವ್ಯಾನಿನಲ್ಲಿತ್ತು. ಮೂವತ್ತು ವರ್ಷ ಉಪ್ಪೇರಿದ ಚೌಳು ನೆಲಗಳನ್ನು ತಿದ್ದಿದ ಮಣ್ಣು ವಿಜ್ಞಾನಿ. ಜನರ ಬಾಯಲ್ಲಿ ಉಪ್ಪು ಸಾಹೇಬರು. ತಾವು ಮೊಟ್ಟಮೊದಲು ಹಸನು ಮಾಡಿದ ಈ ಹೊಲದ ಮೂಲೆಯಲ್ಲೇ ಮಣ್ಣು ಮಾಡಬೇಕೆಂದು ಬರೆದಿಟ್ಟಿದ್ದರು. ಹೊಲದ ಯಜಮಾನನೂ ಒಪ್ಪಿದ್ದ. ಈಗ ನೋಡಿದರೆ ಅವರನ್ನು ಇಳಿಸಲು ಒಣ ನೆಲವೇ ಇಲ್ಲ.

ಅವಳು ಹೊರಗೆಸೆದ ಮಣ್ಣಿನಿಂದ ಒಂದು ಚಿಟಿಕೆ ತೆಗೆದು ನಾಲಿಗೆಗಿಟ್ಟಳು. ಅಪ್ಪನ ಅಭ್ಯಾಸ ಅದು. ಪ್ರಯೋಗಾಲಯದ ಯಂತ್ರ ಆಮೇಲೆ, ನಾಲಿಗೆ ಮೊದಲು. ಬರೀ ಉಪ್ಪು.

"ಬಸಿಗಾಲುವೆ ಮುಚ್ಚಿಬಿಟ್ಟಿದ್ದಾರೆ ಕಣಮ್ಮ," ಎಂದ ಅಪ್ಪನ ಪ್ರಯೋಗಾಲಯದ ಹಳೆಯ ಸಹಾಯಕ. "ನೀರಿಗೆ ಹೋಗೋ ದಾರಿ ಇಲ್ದಿದ್ರೆ ಉಪ್ಪು ಮೇಲೆ ಬರದೆ ಇನ್ನೆಲ್ಲಿಗೆ ಹೋಗುತ್ತೆ? ಮುಚ್ಚಬೇಡಿ ಅಂತ ಸಾಹೇಬ್ರು ಓಡಾಡ್ತಿದ್ದಾಗ ಬಡ್ಕೊಂಡ್ರು, ಬಡ್ಕೊಂಡ್ರು."

"ಯಾವಾಗ ಮುಚ್ಚಿದ್ದು?"

ಯಜಮಾನ ತಲೆ ಕೆರೆದುಕೊಂಡ. "ಮೂರು ವರ್ಷ ಆಯ್ತೇನೋ. ಟ್ರ್ಯಾಕ್ಟರ್ ಓಡಾಡೋಕೆ ದಾರಿ ಬೇಕಿತ್ತು. ಬೆಳೆ ಚೆನ್ನಾಗೇ ಬರ್ತಿತ್ತಲ್ಲ, ಇನ್ಯಾಕೆ ಈ ಹಳ್ಳ ಅಂತ."

ಬೆರಳಿಗಂಟಿದ ಮಣ್ಣನ್ನು ಅವಳು ಒರೆಸಿಕೊಂಡಳು.

*

ಅಪ್ಪನ ಕಾಲು ಸೋತದ್ದೂ ಮೂರು ವರ್ಷದ ಹಿಂದೆಯೇ. ಅಲ್ಲಿಯವರೆಗೆ, ನಿವೃತ್ತಿಯಾದ ಮೇಲೂ, ಭಾನುವಾರ ತಪ್ಪದೆ ಸಲಿಕೆ ಹಿಡಿದು ಹೋಗಿ ಬಸಿಗಾಲುವೆಯ ಹೂಳು ತೆಗೆದು ಬರುತ್ತಿದ್ದರು. "ಉಪ್ಪು ಬಿಡಿಸೋಕೆ ಜಿಪ್ಸಮ್ ಹಾಕಿ ನೆಲ ತೊಳೆದ್ರೆ ಅರ್ಧ ಕೆಲಸ. ಉಳಿದರ್ಧ ಈ ಹಳ್ಳ ಕಾಯೋದು. ಅದಕ್ಕೆ ನಿವೃತ್ತಿ ಅನ್ನೋದಿಲ್ಲ," ಎನ್ನುತ್ತಿದ್ದರು. ಹಾಸಿಗೆ ಹಿಡಿದ ಮೇಲೆ ಆ ಭಾನುವಾರ ಮಗಳ ಪಾಲಿಗೆ ಬಂತು.

"ನೋಡ್ಕೊಂಡು ಬಂದ್ಯಾ? ಹರೀತಿದ್ಯಾ?"

"ಹರೀತಿದೆ ಅಪ್ಪ."

ಅಂದು ಅವಳು ಹೋಗಿದ್ದು ಮಾರ್ಕೆಟ್ಟಿನವರೆಗೆ ಮಾತ್ರ. ವಾರವಿಡೀ ಕೆಲಸ, ಮನೆಗೆ ಬಂದರೆ ರೋಗಿ; ಮೂರು ಬಸ್ಸು ಬದಲಿಸಿ ಹಳ್ಳ ನೋಡುವ ಉಸಾಬರಿ ಯಾರಿಗೆ ಬೇಕು? ಮುಂದಿನ ವಾರವೂ ಅದೇ ಪ್ರಶ್ನೆ, ಅದೇ ಉತ್ತರ. ಬರಬರುತ್ತಾ ಕಥೆ ಕಟ್ಟುವುದರಲ್ಲಿ ಪಳಗಿದಳು: ನೀರು ತಿಳಿಯಾಗಿದೆ, ಅಂಚಿನಲ್ಲಿ ಹುಲ್ಲು ಬಂದಿದೆ, ಕಪ್ಪೆಗಳಿವೆ.

"ಕಪ್ಪೆ ಬಂತಾ?" ಅಪ್ಪ ಎಷ್ಟೋ ದಿನಗಳ ಮೇಲೆ ನಕ್ಕಿದ್ದರು. "ಉಪ್ಪು ನೀರಲ್ಲಿ ಕಪ್ಪೆ ಇರಲ್ಲ. ಹಾಗಾದ್ರೆ ನೆಲ ಗೆದ್ದಿತು ಬಿಡು." ಅಂದೇ ಕಾಗದ ಕೇಳಿ, ತಮ್ಮನ್ನು ಎಲ್ಲಿ ಮಣ್ಣು ಮಾಡಬೇಕೆಂದು ಬರೆದರು.

*

"ಸುಮ್ನೆ ಊರಿನ ಸ್ಮಶಾನಕ್ಕೇ ಒಯ್ಯೋಣ," ಎಂದರು ಚಿಕ್ಕಪ್ಪ.

"ಬೇಡ ಚಿಕ್ಕಪ್ಪ." ಅವಳು ಚಪ್ಪಲಿ ಬಿಟ್ಟು ಸಲಿಕೆ ಎತ್ತಿಕೊಂಡಳು. "ಹಳ್ಳ ಎಲ್ಲಿತ್ತು ತೋರ್ಸಿ."

ಸಹಾಯಕ ಹೆಜ್ಜೆ ಹಾಕಿ ಅಳೆದು ತೋರಿಸಿದ. ಮುಜುಗರಕ್ಕೋ ಏನೋ, ಯಜಮಾನನೂ ಕೈ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಗುಂಡಿಯಿಂದ ತಗ್ಗಿನ ತೊರೆಯವರೆಗೆ ಹಳೆಯ ಹಳ್ಳ ಬಾಯಿ ಬಿಟ್ಟು, ಕದಡಿದ ನೀರು ಹರಿಯಿತು. ಗುಂಡಿಯ ತಳ ಕಂಡಿತು, ಒದ್ದೆಯಾಗಿಯೇ. ಅಪ್ಪನನ್ನು ಇಳಿಸಿದರು. ಅವಳು ಆಗ ಅತ್ತಳು, ತಡೆಯಲಾಗದೆ ಅತ್ತಳು.

"ಇದನ್ನ ಮುಚ್ಚಬೇಡಿ, ದಮ್ಮಯ್ಯ," ಎಂದಳು ಯಜಮಾನನಿಗೆ.

"ಛೆ ಛೆ, ಸಾಹೇಬ್ರು ಮಲಗಿರೋ ಜಾಗ. ಇನ್ನು ಮುಚ್ತೀವಾ?"

ವ್ಯಾನ್ ಹತ್ತುವಾಗ ಬರಿಗಾಲಿನಲ್ಲಿರುವುದು ನೆನಪಾಗಿ, ಚಪ್ಪಲಿಗೆಂದು ಒಬ್ಬಳೇ ಹಿಂತಿರುಗಿದಳು. ಯಜಮಾನ ಹಳ್ಳದ ಪಕ್ಕ ನಿಂತು, ಸಮಾಧಿ ಮುಚ್ಚಿ ಉಳಿದ ಮಣ್ಣನ್ನು ಅದಕ್ಕೆ ಎಳೆದು ಹಾಕುತ್ತಿದ್ದ. ಆಚೆ ಟ್ರ್ಯಾಕ್ಟರ್ ಕಾಯುತ್ತಿತ್ತು.

"ಟ್ರ್ಯಾಕ್ಟರ್ ದಾಟೋಕೆ, ಇವತ್ತೊಂದಿನದ ಮಟ್ಟಿಗೆ ಅಷ್ಟೇ," ಎಂದ, ಮುಖ ನೋಡದೆ.

ಅವಳಿಗೆ ಕೂಗಬೇಕೆನಿಸಿತು. ಯಾವ ಬಾಯಿಂದ ಕೂಗುವುದು? ಚಪ್ಪಲಿ ಮೆಟ್ಟಿಕೊಂಡು ಬಂದಳು.

"ಹಳ್ಳ ಹರೀತಿದ್ಯಾ?" ಚಿಕ್ಕಪ್ಪ ಕೇಳಿದರು.

"ಹರೀತಿದೆ ಚಿಕ್ಕಪ್ಪ," ಎಂದು ಸೀಟಿನಲ್ಲಿ ಕುಳಿತಳು. ಪಾದದಿಂದ ಮೊಣಕಾಲಿನವರೆಗೆ, ನೀರು ಒಣಗಿದಲ್ಲೆಲ್ಲ ಬೆಳ್ಳಗೆ ಪುಡಿ ಎದ್ದಿತ್ತು.