ತಲೆನೋವು ಅಂದವನನ್ನು ಮೇಲೆ ಹತ್ತಿಸಬೇಡಿ

ನಮ್ಮ ವೆಲ್ಡಿಂಗ್ ಅಂಗಡಿಯಲ್ಲಿ ತಲೆನೋವನ್ನು ಯಾರೂ ಕಾಯಿಲೆ ಅಂತ ಲೆಕ್ಕಕ್ಕೇ ಹಿಡಿಯೋದಿಲ್ಲ. ಹೊಗೆ, ಕಣ್ಣು ಕುಕ್ಕುವ ಬೆಳಕು, ಸುತ್ತಿಗೆ ಸದ್ದು. ಸಂಜೆ ಹೊತ್ತಿಗೆ ಎಲ್ಲರ ತಲೆಯೂ ಸಿಡಿಯುತ್ತೆ. ಮಾತ್ರೆ ನುಂಗು, ಚಹಾ ಕುಡಿ, ಮುಂದಿನ ಗೇಟಿಗೆ ಕೈ ಹಾಕು. ಅಷ್ಟೇ. ನಮ್ಮಣ್ಣ ಹದಿನೈದು ವರ್ಷ ಹೀಗೇ ಕಳೆದವನು.

ಅದೇ ಬುದ್ಧಿಯನ್ನು ನಾವು ಬೆಟ್ಟಕ್ಕೂ ಹೊತ್ತುಕೊಂಡು ಹೋದೆವು.

ಉತ್ತರದ ಹಿಮಬೆಟ್ಟಗಳಲ್ಲಿ ಹನ್ನೆರಡು ದಿನದ ಕಾಲ್ನಡಿಗೆ. ಅಣ್ಣ, ನಾನು, ನಮ್ಮ ಅಂಗಡಿಯ ಪೇಂಟರ್. ಪೇಂಟರ್ ಕಡ್ಡಿ ಹಾಗಿದ್ದಾನೆ, ಅವನನ್ನು ಎಲ್ಲರೂ ಮೊಳೆ ಅಂತಲೇ ಕರೆಯೋದು. ಎಂಟನೇ ದಿನ, ಎರಡು ಶಿಖರಗಳ ನಡುವೆ ಎತ್ತರದಲ್ಲಿರೋ ಹಿಮದ ಕಣಿವೆಯನ್ನು ಹತ್ತಿ ದಾಟಬೇಕಿತ್ತು. ದಾಟಿದರೆ ಆಮೇಲೆಲ್ಲ ಇಳಿಜಾರು. ನಮಗೋ ಅವಸರ. ಐದನೇ ದಿನ, ಎರಡು ದಿನದಲ್ಲಿ ಹತ್ತಬೇಕಾದ ಎತ್ತರವನ್ನು ಒಂದೇ ದಿನದಲ್ಲಿ ಹತ್ತಿಬಿಟ್ಟೆವು. ಹೆಮ್ಮೆ ಬೇರೆ!

ಅವತ್ತೇ ಅಣ್ಣ ಹಣೆ ಒತ್ತಿಕೊಂಡ.

"ತಲೆ ನೋಯ್ತಿದೆ ಕಣೋ. ಕೊಡು ಒಂದು."

ಕೊಟ್ಟೆ. ಔಷಧಿ ಚೀಲ ನನ್ನ ಹತ್ತಿರವೇ ಇದ್ದಿದ್ದು. ಬೆಳಗ್ಗೆ ಇನ್ನೊಂದು ಕೇಳಿದ, ಕೊಟ್ಟೆ. ನಿದ್ದೆಯೇ ಬರಲಿಲ್ಲ ಅಂದ. ಆರನೇ ದಿನ ಊಟ ಬೇಡ ಅಂದ, ಬಂಡೆ ಹಿಂದೆ ಹೋಗಿ ವಾಂತಿ ಮಾಡಿದ.

ಮೊಳೆ ಬಿಡ್ತಾನಾ? "ಏನಣ್ಣಾ, ಎಷ್ಟನೇ ತಿಂಗಳು?"

ಅಣ್ಣನೂ ನಕ್ಕ. ನಾನೂ ನಕ್ಕೆ. ಈಗ ಆ ನಗು ನೆನೆಸಿಕೊಂಡರೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತೆ.

ನನಗೆ ಅನುಮಾನ ಬರಲಿಲ್ಲ ಅಂತಲ್ಲ, ಬಂತು. "ವಾಪಸ್ ಹೋಗೋಣ" ಅನ್ನೋ ಮಾತು ನಾಲಿಗೆ ತುದಿವರೆಗೂ ಬಂತು. ಹೇಡಿ ಅನ್ನಿಸಿಕೊಳ್ಳೋ ಭಯಕ್ಕೆ ನುಂಗಿಬಿಟ್ಟೆ.

ಏಳನೇ ದಿನ ಮಧ್ಯಾಹ್ನ ಕಣಿವೆಗೆ ಮುಂಚಿನ ಕೊನೆಯ ಹಳ್ಳಿಗೆ ಬಂದೆವು. ಅಲ್ಲೊಂದು ತಗಡಿನ ಮಾಡಿನ ಆರೋಗ್ಯ ಕೋಣೆ. ಮುಂದೆ ಹೋಗುವವರು ಅಲ್ಲಿ ಹೆಸರು ಬರೆಸಲೇಬೇಕು. ಒಳಗೆ ಒಂದು ಮಂಚ, ಒಂದು ಕಾಲಿಗೆ ಕಲ್ಲು ಕೊಟ್ಟ ಮೇಜು, ಮೂಲೆಯಲ್ಲಿ ಆಕ್ಸಿಜನ್ ಸಿಲಿಂಡರ್. ಮೇಜಿನ ಹಿಂದೆ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡ ನರ್ಸ್.

ಸಿಲಿಂಡರ್ ನೋಡಿ ಮೊಳೆ ಹಲ್ಲು ಕಿರಿದ. "ಸಿಸ್ಟರ್, ನಮ್ಮಂಗಡೀಲೂ ಇದೇ ಗ್ಯಾಸು!"

"ನಿಮ್ಮದು ಕಬ್ಬಿಣ ಕತ್ತರಿಸೋಕಪ್ಪ" ಅಂದರು ಆಕೆ. ಅವರ ಕಣ್ಣು ಅಣ್ಣನ ಕಾಲ ಮೇಲಿತ್ತು. "ಇವರು ಶೂ ಎಡಬಲ ಅದಲುಬದಲು ಹಾಕಿಕೊಂಡಿದ್ದಾರಲ್ಲ, ನೀವ್ಯಾರೂ ನೋಡಲಿಲ್ವಾ?"

ನೋಡಿರಲಿಲ್ಲ. ಬೆಳಗ್ಗಿನಿಂದ ಅವನ ಹಿಂದೆಯೇ ನಡೆದಿದ್ದೆ ನಾನು!

"ತಲೆನೋವಿದೆಯಾ?"

"ಅದು ದಿನಾ ಇರೋದೇ" ಅಂದ ಅಣ್ಣ. ನಾಲಿಗೆ ತೊದಲುತ್ತಿತ್ತು. "ವೆಲ್ಡಿಂಗ್ ತಲೆನೋವು."

"ವೆಲ್ಡಿಂಗ್ ಮಾಡಿ ಎಷ್ಟು ದಿನ ಆಯ್ತು?"

ಏಳು ದಿನದಿಂದ ಅವನು ವೆಲ್ಡಿಂಗ್ ಕಡ್ಡಿ ಸಿಕ್ಕಿಸೋ ಹೋಲ್ಡರ್ ಮುಟ್ಟಿಲ್ಲ. ಹೊಗೆ ಇಲ್ಲ, ಬೆಳಕಿಲ್ಲ. ಮತ್ತೆ ಆ ನೋವು ಎಲ್ಲಿಂದ ಬಂತು ಅಂತ ನಾವು ಮೂವರೂ ಒಂದು ಸಲವಾದರೂ ಕೇಳಿಕೊಂಡಿದ್ದೆವಾ?

ನರ್ಸ್ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ನೆಲದ ಮೇಲೆ ಎಳೆದರು. "ಇದರ ಮೇಲೆ ಹೆಜ್ಜೆಗೆ ಹೆಜ್ಜೆ ಜೋಡಿಸಿ ನಡೀರಿ."

"ಅಯ್ಯೋ, ಇದೇನು ಕುಡಿದವರ ಪರೀಕ್ಷೆನಾ?" ಅಂದ ಮೊಳೆ.

ಅಣ್ಣ ಸ್ಕೇಲಿಟ್ಟು ಗೆರೆ ಎಳೆದ ಹಾಗೆ ಎಂಟಡಿ ಬೆಸುಗೆ ಹಾಕುವ ಮನುಷ್ಯ. ಮೊದಲ ಹೆಜ್ಜೆ ಹಗ್ಗದ ಮೇಲಿಟ್ಟ. ಎರಡನೇದು ಅತ್ತ ಹೋಯಿತು. ಮೂರನೇದಕ್ಕೆ ಧಡಾರನೆ ಮಂಚದ ಮೇಲೆ ಬಿದ್ದ. ಮೊಳೆಯ ನಗು ಅಲ್ಲಿಗೇ ನಿಂತಿತು. ಎಬ್ಬಿಸಲು ನಾನು ಕೈ ಕೊಟ್ಟೆ. ಅಣ್ಣ ನನ್ನ ಮುಖವನ್ನೇ ನೋಡಿದ. ಆಮೇಲೆ ನರ್ಸ್ ಕಡೆ ತಿರುಗಿ ಕೇಳಿದ:

"ಈ ಹುಡುಗ ಯಾರು?"

ಅಪ್ಪ ಸತ್ತ ಮೇಲೆ ನನ್ನನ್ನು ಸಾಕಿದವನು. ನನಗೆ ಹೋಲ್ಡರ್ ಹಿಡಿಯೋದು ಕಲಿಸಿದವನು.

ನರ್ಸ್ ಆಗಲೇ ಸಿಲಿಂಡರ್ ಎಳೆಯುತ್ತಿದ್ದರು. "ಇದು ಎತ್ತರದ ಕಾಯಿಲೆ. ಮೇಲೆ ಹೋದಂಗೆ ಗಾಳಿ ತೆಳುವಾಗುತ್ತೆ. ದೇಹ ಒಗ್ಗೋ ಮೊದಲೇ ಹತ್ತಿದರೆ ಹೀಗಾಗುತ್ತೆ. ಈಗ ಮೆದುಳು ಬಾತುಕೊಂಡಿದೆ. ಈ ಕ್ಷಣ ಕೆಳಗೆ ಇಳಿಸಬೇಕು."

ಮೊಳೆ ಇನ್ನೂ ಲೆಕ್ಕ ಹಾಕುತ್ತಿದ್ದ. "ಸಿಸ್ಟರ್, ನಾಳೆ ಕಣಿವೆ ದಾಟಿದರೆ ಆ ಕಡೆ ಇಳಿಜಾರೇ ಅಲ್ವಾ? ಹೆಂಗೂ ಇಳೀತೀವಿ."

"ದಾಟೋಕೆ ಇನ್ನೂ ಎಂಟುನೂರು ಮೀಟರ್ ಹತ್ತಬೇಕು. ಹತ್ತಿದರೆ ಇವರು ಆ ಕಡೆ ಇಳಿಯಲ್ಲ."

"ನಮ್ಮಣ್ಣ ಕಲ್ಲು ಹಾಗಿದ್ದಾನೆ! ಒಬ್ಬನೇ ಕಬ್ಬಿಣದ ಬಾಗಿಲು ಎತ್ತುತ್ತಾನೆ" ಅಂದೆ ನಾನು. "ತಲೆನೋವಿಗೆ ಮಾತ್ರೆನೂ ಕೊಟ್ಟಿದ್ದೀನಿ."

"ಎತ್ತಲಿ. ಈ ಕಾಯಿಲೆ ತೋಳು ಮುಟ್ಟಿ ನೋಡಿ ಬರಲ್ಲ. ಗಟ್ಟಿ ಇರೋವ್ರು ಬೇಗ ಬೇಗ ಹತ್ತುತ್ತಾರೆ, ಬೇಗ ಬೀಳುತ್ತಾರೆ. ತಲೆನೋವಿನ ಮಾತ್ರೆ ನೋವನ್ನ ಮುಚ್ಚಿತು, ಕಾಯಿಲೆ ಒಳಗೆ ಬೆಳೀತು. ಎಷ್ಟು ಮಾತ್ರೆ ಕೊಟ್ಟೆ?"

ಹೇಳಿದೆ. ಆಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇಂಜೆಕ್ಷನ್ ಕೊಟ್ಟರು, ಮೂಗಿಗೆ ಆಕ್ಸಿಜನ್ ಹಾಕಿದರು, ಸಾಮಾನು ಹೊರುವ ಇಬ್ಬರನ್ನು ಕರೆಸಿದರು. ಆ ಇಬ್ಬರು, ನಾನು, ಮೊಳೆ, ನಾಲ್ವರೂ ಅಣ್ಣನನ್ನು ಡೋಲಿಯಲ್ಲಿ ಹೊತ್ತು ಬಂದ ದಾರಿಯಲ್ಲೇ ಇಳಿದೆವು. ಸಾವಿರ ಮೀಟರ್ ಇಳಿಯೋ ಹೊತ್ತಿಗೆ ರಾತ್ರಿ. ಅಲ್ಲಿವರೆಗೆ ಮಣ್ಣಿನ ರಸ್ತೆ ಇತ್ತು, ಅಲ್ಲಿಂದ ಜೀಪಿನಲ್ಲಿ ಆಸ್ಪತ್ರೆ. ಮಾರನೇ ದಿನ ಅಣ್ಣ ಕಣ್ಣು ಬಿಟ್ಟು, "ಏಯ್, ಯಾಕೋ ಮುಖ ಹಿಂಗೆ ಇಳಿಬಿಟ್ಟಿದೀಯಾ? ಟೀ ಎಲ್ಲೋ?" ಅಂದ. ನಾನು ಹೊರಗೆ ಹೋಗಿ ಗೋಡೆ ಹಿಡಿದು ಅತ್ತೆ.

ಫೋನಿನಲ್ಲಿ ನಾನು ಎಲ್ಲ ಹೇಳಿದ್ದೆ, ಆಸ್ಪತ್ರೆ ಸೇರಿದ ಮೂರನೇ ದಿನ ಅತ್ತಿಗೆ ಬಂದಳು. ಅಷ್ಟರಲ್ಲಿ ಅಣ್ಣನ ಜಂಬವೂ ವಾಪಸ್ ಬಂದಿತ್ತು.

"ಸ್ವಲ್ಪ ಬಿಸಿಲು ಬಡಿದಿರಬೇಕು ಕಣೇ. ಇವರು ಸುಮ್ಮನೆ ಗಾಬರಿ ಬಿದ್ದು ಇಳಿಸಿಬಿಟ್ಟರು. ಮುಂದಿನ ಸಲ..."

"ಆ ನರ್ಸಮ್ಮ ಇರದಿದ್ದರೆ ಮುಂದಿನ ಸಲ ಎಲ್ಲಿತ್ತು?" ಅಂದಳು ಅತ್ತಿಗೆ.

"ನರ್ಸಾ? ಯಾವ ನರ್ಸು?"

ಅತ್ತಿಗೆ ನನ್ನ ಕಡೆ ನೋಡಿದಳು. ನಾನು ತಗಡಿನ ಕೋಣೆ ಹೇಳಿದೆ, ಹಗ್ಗ ಹೇಳಿದೆ, ಡೋಲಿ ಹೇಳಿದೆ. ಅಣ್ಣನಿಗೆ ಒಂದೂ ನೆನಪಿಲ್ಲ. ಅವನ ಬದುಕಿನಿಂದ ಒಂದು ಇಡೀ ದಿನ ಕಿತ್ತುಹೋಗಿತ್ತು. ಅವನ ಮುಖ ಬಿಳಿಚಿಕೊಂಡಿತು. ಹೊದಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇಳಿಸಿದ್ದು ಒಳ್ಳೇದಾಯ್ತು" ಅಂದ ಮೆಲ್ಲಗೆ. ಆಮೇಲೆ ನನ್ನ ಕಡೆ ತಿರುಗಿ, "ಆವತ್ತು ನಿನಗೆ ನಾನೇನಾದ್ರೂ ಅಂದೆನಾ?"

"ಇಲ್ಲಣ್ಣ, ಏನೂ ಅನ್ನಲಿಲ್ಲ."

ಅವನಿಗೆ ಹೇಳಲಾರೆ. ಅದಕ್ಕೇ ನಿಮಗೆ ಹೇಳ್ತಿದ್ದೀನಿ.

ಎತ್ತರದ ಬೆಟ್ಟ ಹತ್ತುತ್ತೀರಾ? ನಿಧಾನಕ್ಕೆ ಹತ್ತಿ, ನಡುವೆ ಒಂದು ದಿನ ಸುಮ್ಮನೆ ಕೂತು ದೇಹ ಒಗ್ಗಲು ಬಿಡಿ. ಅಲ್ಲಿ ತಲೆನೋವು ಬಂತು, ಊಟ ಸೇರಲಿಲ್ಲ, ವಾಂತಿ ಆಯಿತು ಅಂದರೆ ಮೊದಲು ಎತ್ತರದ ಕಾಯಿಲೆ ಅಂತಲೇ ತಿಳಿಯಿರಿ. ಮಾತ್ರೆ ನುಂಗಿ ಮೇಲೆ ಹೋಗಬೇಡಿ. ಇದ್ದಲ್ಲೇ ನಿಲ್ಲಿ, ಕಮ್ಮಿ ಆಗದಿದ್ದರೆ ಇಳಿಯಿರಿ. ಹೆಜ್ಜೆ ತಪ್ಪಿತು, ಮಾತು ತೊದಲಿತು, ಕೂತಲ್ಲೇ ಉಸಿರು ಸಿಗಲಿಲ್ಲ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ, ಅವನನ್ನು ಒಬ್ಬನೇ ಕಳಿಸಬೇಡಿ, ಆಗಿಂದಾಗಲೇ ಇಳಿಸಿ. ಅವನು ಚೆನ್ನಾಗಿದ್ದೀನಿ ಅಂತಾನೆ. ನಂಬಬೇಡಿ. ಜೊತೆಯವರು ನಗ್ತಾರೆ. ನಗಲಿ!

ನಿಮಗೆ ಅನುಮಾನ ಬಂದರೆ ಬಾಯಿ ಬಿಡಿ. ನಿಮ್ಮವರು ನಿಮ್ಮನ್ನು ಯಾರು ಅಂತ ಕೇಳೋ ಮೊದಲೇ ಬಾಯಿ ಬಿಡಿ.